ಪ್ಲೇಟ್‌ಲೆಟ್ ವಾರಕ್ಕೊಂದು ರೀತಿ ಅಂಟುವುದು ಯಾಕೆ

ಮೇಲ್ಮೈಯಲ್ಲಿ ನ್ಯಾನೊ ಅಳತೆಯ ಗುಳಿಗಳಿರುವ ಒಂದೇ ಬ್ಯಾಚಿನ ಟೈಟೇನಿಯಂ ಚೂರುಗಳಿಗೆ ಒಂದು ವಾರ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಜಾಸ್ತಿ, ಮುಂದಿನ ವಾರ ಕಡಿಮೆ ಅಂಟುತ್ತಿದ್ದರೆ ಕಾರಣ ಬಹುಶಃ ಗುಳಿಗಳಲ್ಲ, ಮೇಲೆ ಕೂತ ಕೊಳೆ. ಗಾಳಿಯಲ್ಲಿಟ್ಟ ಟೈಟೇನಿಯಂ ಇಂಗಾಲದ ತೆಳು ಪದರ ಹಿಡಿಯುತ್ತದೆ. ಪ್ಲೇಟ್‌ಲೆಟ್ ಸುಮಾರು 2–3 ಮೈಕ್ರಾನ್, ನ್ಯಾನೊ ಗುಳಿಯೊಳಗೆ ಇಳಿಯುವಷ್ಟು ಚಿಕ್ಕದಲ್ಲ. ಮೊದಲು ಬಂದು ಕೂರುವುದು ರಕ್ತದಲ್ಲಿರುವ ಫೈಬ್ರಿನೋಜೆನ್‌ನಂಥ ಪ್ರೋಟೀನು. ಅದು ಎಷ್ಟು, ಹೇಗೆ ಕೂತಿದೆ ಅನ್ನುವುದರ ಮೇಲೆ ಪ್ಲೇಟ್‌ಲೆಟ್ ಅಂಟುತ್ತದೆ.

ಮೊದಲು ಎಥನಾಲ್, ಆಮೇಲೆ ಶುದ್ಧ ನೀರಿನಲ್ಲಿ ತೊಳೆದು ಯುವಿ ಓಝೋನ್‌ಗೆ (ನೇರಳಾತೀತ ಬೆಳಕು, ಓಝೋನ್‌ನಿಂದ ಇಂಗಾಲದ ಕೊಳೆ ತೆಗೆಯುವ ಉಪಕರಣ) ಇಡಿ. ಒಂದು ಚೂರಿನ ಮೇಲೆ ನೀರಿನ ಹನಿ ಬಿಡಿ. ಗುಂಡಗೆ ನಿಂತರೆ ಇನ್ನೂ ಕೊಳೆ ಇದೆ, ಹರಡಬೇಕು. ಅದೇ ದಿನ ಪ್ರಯೋಗ ಮಾಡಿ. ಮಡಿಕೇರಿಯ ಮಳೆಗಾಲದಲ್ಲಿ ತೆರೆದ ಡಬ್ಬಿಯಲ್ಲಂತೂ ಇಡಲೇಬೇಡಿ. ಹೋಲಿಕೆಗೆ ಗಾಜು ಬೇಡ, ನುಣುಪಾದ ಟೈಟೇನಿಯಮ್ಮನ್ನೇ ಜೊತೆಗೆ ಹಾಕಿ. ಪ್ಲೇಟ್‌ಲೆಟ್ ಅಂಟಿದ ಮೇಲೆ ತೊಳೆಯುವಾಗ ಮೇಲ್ಮೈ ಒಣಗಬಾರದು, ಒಣಗಿದರೆ ಅಂಟಿದ್ದ ಪ್ಲೇಟ್‌ಲೆಟ್ ಕಿತ್ತು ಬರುತ್ತದೆ. ಇಷ್ಟಾದ ಮೇಲೂ ವ್ಯತ್ಯಾಸ ಉಳಿದರೆ ಗುಳಿಯ ಅಳತೆ ನೋಡಿ.