ತೋಟದ ಕೆಲಸ ಆಮೇಲೆ, ಮೊದಲು ಮಗನನ್ನ ಡಾಕ್ಟರಿಗೆ ತೋರಿಸಿ

ಅಣ್ಣ, ಈ ಗುಂಪಲ್ಲಿ ತೋಟದ ಡ್ರಿಪ್ ನೀರಾವರಿ ಬಗ್ಗೆ ಕೇಳ್ತಾ ಕೊನೆಗೆ ಮಗನ ವಿಷಯನೂ ಬರೆದಿದ್ರಲ್ಲ. ಡೈವೋರ್ಸ್ ಆದ್ಮೇಲೆ ವಾರದ ಕೊನೆಗೆ ಮಾತ್ರ ಬರ್ತಾನೆ, 16 ವರ್ಷ, 3 ತಿಂಗಳಿಂದ ಬಾಗಿಲು ಹಾಕ್ಕೊಂಡು ಮಲಗಿರ್ತಾನೆ, ಮಾತಾಡಿಸಿದ್ರೆ ಸಿಡುಕ್ತಾನೆ, ತೋಟಕ್ಕೆ ಹಚ್ಚಿದ್ರೆ ಸರಿಹೋಗ್ತಾನಾ ಅಂತ. ಡ್ರಿಪ್ ಬಗ್ಗೆ ಬಲ್ಲವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಡಾಕ್ಟರಲ್ಲ, ಅಕ್ಕನ ಮಗನ ಜೊತೆ ಈ ದಾರೀಲಿ ಓಡಾಡಿದವನು.

ಸೋಮಾರಿತನ ಅನ್ನೋ ಮಾತು ಬಿಟ್ಟುಬಿಡಿ. ಈ ವಯಸ್ಸಲ್ಲಿ ಖಿನ್ನತೆ ಬರೀ ಅಳುವಾಗಿ ಅಲ್ಲ, ಸಿಡುಕಾಗೀನೂ ಕಾಣಬಹುದು. 2 ವಾರ ಮೀರಿ ನಿದ್ದೆ, ಊಟ, ಓದು ಕೆಟ್ಟಿದ್ರೆ ತೋರಿಸಬೇಕು. ನಿಮ್ಮದು ಆಗಲೇ 3 ತಿಂಗಳು. ಥೈರಾಯ್ಡ್, ರಕ್ತಹೀನತೆಗೂ ಒಮ್ಮೆ ಪರೀಕ್ಷೆ ಮಾಡಿಸಿ, ಅವೂ ಹೀಗೇ ಸುಸ್ತು ಮಾಡ್ತವೆ.

ಡಾಕ್ಟರು ಖಿನ್ನತೆಗೆ ಮಾತ್ರೆ ಕೊಟ್ರೆ ಗುಣ ಕಾಣೋಕೆ 4ರಿಂದ 6 ವಾರ ಹಿಡಿಯುತ್ತೆ. ಶುರುವಿನಲ್ಲಿ ಕೆಲವು ಹುಡುಗರಿಗೆ ಚಡಪಡಿಕೆ, ಸಾಯೋ ಯೋಚನೆ ಹೆಚ್ಚಾಗಬಹುದು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಮಾತ್ರೆಗಳ ಮೇಲೆ ಎಚ್ಚರಿಕೆ ಹಾಕಿಸಿದ್ದು ಅದಕ್ಕೇ. ಹಾಗೇನಾದ್ರೂ ಕಂಡ್ರೆ ತಕ್ಷಣ ಡಾಕ್ಟರಿಗೆ ಹೇಳಿ, ಹೆದರಿ ನೀವೇ ನಿಲ್ಲಿಸಬೇಡಿ. ಎರಡು ಮನೆ ನಡುವೆ ಓಡಾಡೋ ಮಕ್ಕಳಿಗೆ ಇನ್ನೊಂದು ತೊಂದರೆ: ಬ್ಯಾಗಲ್ಲಿ ಬಟ್ಟೆ, ಚಾರ್ಜರ್ ಎಲ್ಲ ಬರುತ್ತೆ, ಮಾತ್ರೆ ಆ ಮನೇಲೇ ಉಳಿಯುತ್ತೆ. ಮಾತ್ರೆ ಕಳಿಸಿದ್ದಾರಾ ಅಂತ ಅವನ ತಾಯಿಗೆ ನೀವೇ ಮೆಸೇಜ್ ಹಾಕಿ ಕೇಳಿ. ‘ಅಮ್ಮಂಗೆ ಹೇಳು’ ಅಂತ ಅವನ ಕೈಲಿ ಹೇಳಿಕಳಿಸಬೇಡಿ. ‘ನಿಮ್ಮಿಂದಲೇ ಹಿಂಗಾಗಿದ್ದು’ ಅಂತ ಅವರು ಅಂದಿದ್ದಕ್ಕೆ ಈಗ ಉತ್ತರ ಕೊಡಬೇಕಾಗಿಲ್ಲ.

ಇದನ್ನ ಇವತ್ತೇ ಮಾಡಿ: ಪಂಪ್‌ಹೌಸಲ್ಲಿ ಅರ್ಧ ಉಳಿದಿರೋ ಕೀಟನಾಶಕದ ಬಾಟಲಿಗಳು, ಮನೇಲಿರೋ ಮಾತ್ರೆಗಳು, ಎಲ್ಲಕ್ಕೂ ಬೀಗ ಹಾಕಿ, ಕೀ ನಿಮ್ಮ ಹತ್ರ ಇರ್ಲಿ. ಸಾಯಬೇಕು ಅನ್ನೋ ಆವೇಗ ಎಷ್ಟೋ ಸಲ ಸ್ವಲ್ಪ ಹೊತ್ತಿಂದು. ಆಗ ಕೈಗೆ ಏನೂ ಸಿಗದಿದ್ರೆ ಜೀವ ಉಳಿಯುತ್ತೆ. ಶ್ರೀಲಂಕಾದಲ್ಲಿ 1995ರ ಸುಮಾರಿಗೆ ಘೋರ ವಿಷದ ಕೀಟನಾಶಕಗಳನ್ನ ನಿಲ್ಲಿಸಿದ ಮೇಲೆ 10 ವರ್ಷದಲ್ಲಿ ಆತ್ಮಹತ್ಯೆ ಪ್ರಮಾಣ ಅರ್ಧಕ್ಕಿಳಿಯಿತು.

ಆಮೇಲೆ ‘ಸಾಯಬೇಕು ಅಂತ ಯಾವಾಗ್ಲಾದ್ರೂ ಅನ್ಸುತ್ತಾ?’ ಅಂತ ನೇರವಾಗಿ ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹೊಕ್ಕೋದಿಲ್ಲ. ಹೂಂ ಅಂದ್ರೆ ಬೈಬೇಡಿ, ಅಳಬೇಡಿ, ಒಬ್ಬನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ತೋಟ ಔಷಧಿ ಅಲ್ಲ, ಆದ್ರೂ ಉಪಯೋಗಕ್ಕೆ ಬರುತ್ತೆ. ಇಡೀ ಸಾಲಿನ ಕಳೆ ಕೀಳು ಅನ್ನಬೇಡಿ. ‘ಡ್ರಿಪ್ ಫಿಲ್ಟರ್ ಬಿಚ್ತೀನಿ, ಹಿಡ್ಕೋ ಬಾ’ ಅನ್ನಿ, ಸಾಕು. ಅಕ್ಕನ ಮಗ ಎದುರು ಕೂರಿಸಿ ಕೇಳಿದ್ರೆ ತುಟಿ ಬಿಚ್ತಿರಲಿಲ್ಲ. ಫಿಲ್ಟರ್ ಜಾಲರಿಯ ಪಾಚಿ ಉಜ್ತಾ, ನನ್ನ ಮುಖ ನೋಡದೇನೇ, ರಾತ್ರಿ ನಿದ್ದೆ ಬರಲ್ಲ ಮಾವ ಅಂದ. ನಾನು ಬುದ್ಧಿ ಹೇಳೋಕೆ ಹೋಗಲಿಲ್ಲ, ಎಷ್ಟೊತ್ತಿಗೆ ಎಚ್ಚರ ಆಗುತ್ತೆ ಅಂತಷ್ಟೇ ಕೇಳಿದೆ.

ಕೌನ್ಸೆಲರ್ ಹತ್ರ ಮೊದಲ ಸಲ ಅವನು ಬಾಯಿ ಬಿಡದೇ ಇರಬಹುದು. ಆದ್ರೂ ಇನ್ನೆರಡು ಸಲ ಹೋಗಿ ನೋಡಿ. ಆಗ್ಲೂ ಹೊಂದದಿದ್ರೆ ಕೌನ್ಸೆಲರ್ ಬದಲಾಯಿಸಿ, ಟ್ರೀಟ್‌ಮೆಂಟ್ ನಿಲ್ಲಿಸಬೇಡಿ.