ಎಂಒ4 ಭತ್ತಕ್ಕೆ ಹ್ಯಾಪ್ಲಾಯ್ಡ್ ದಾರಿಯಲ್ಲಿ ಜೀನ್ ತಿದ್ದುಪಡಿ: ನಾನು ಎರಡು ಸುಗ್ಗಿ ಕಳೆದುಕೊಂಡ ಬಗೆ

ಎಂಒ4 ಭತ್ತಕ್ಕೆ ಹ್ಯಾಪ್ಲಾಯ್ಡ್ ಪ್ರಚೋದಕ ತಳಿಯ ಪರಾಗದ ಮೂಲಕ ಕ್ರಿಸ್ಪರ್ ಎಂಬ ಜೀನ್ ಕತ್ತರಿಯನ್ನು ತಲುಪಿಸಿದರೆ ಎರಡು ವರ್ಷಗಳಲ್ಲಿ ತಿದ್ದಿದ ಶುದ್ಧ ತಳಿ ಸಿಗುತ್ತದೆಯೇ ಎಂದು ಕೇಳಿದ್ದೀರಿ. (ಹ್ಯಾಪ್ಲಾಯ್ಡ್ ಎಂದರೆ ವರ್ಣತಂತುಗಳ ಎರಡು ಪ್ರತಿಯ ಬದಲು ಒಂದೇ ಪ್ರತಿ ಇರುವ ಸಸಿ; ಅಂಥ ಸಸಿ ಹುಟ್ಟುವಂತೆ ಮಾಡುವ ಪರಾಗ ಕೊಡುವುದೇ ಪ್ರಚೋದಕ ತಳಿ. ಬಿತ್ತಿದಷ್ಟು ಸಲವೂ ಗುಣ ಬದಲಾಗದ್ದು ಶುದ್ಧ ತಳಿ.) ಇದೇ ತಳಿ, ಇದೇ ಎರಡು ವರ್ಷಗಳ ಲೆಕ್ಕ ನನ್ನದೂ ಆಗಿತ್ತು. ಬ್ರಹ್ಮಾವರದ ನಮ್ಮ ಬೈಲು ಗದ್ದೆಯಲ್ಲಿ ಏಣೆಲು (ಮುಂಗಾರಿನ) ಬೆಳೆಯೆಂದರೆ ಎಂಒ4 ಎಂದೇ ಬೆಳೆದವನು ನಾನು. ಕುಚ್ಚಲಕ್ಕಿಯ ಆ ತಳಿಯಲ್ಲಿ ತೆನೆಯ ಕಾಳು ಹೆಚ್ಚಿಸುವ ಆಸೆ ಹೊತ್ತು ಮಂಗಳೂರಿನ ಹೊರವಲಯದ ಪ್ರಯೋಗಾಲಯವೊಂದಕ್ಕೆ ಸೇರಿದ್ದೆ.

ವಿಧಾನದ ಮೋಹ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಮುಸುಕಿನ ಜೋಳದ ಸ್ಟಾಕ್ 6 ಎಂಬ ತಳಿಯಲ್ಲಿ ಹ್ಯಾಪ್ಲಾಯ್ಡ್ ಸಸಿಗಳು ತಾವಾಗಿಯೇ ಹುಟ್ಟುತ್ತವೆಂದು 1959ರಲ್ಲೇ ವರದಿಯಾಗಿತ್ತು. ಅದಕ್ಕೆ ಕಾರಣವಾದ ಜೀನನ್ನು 2017ರಲ್ಲಿ ಮೂರು ತಂಡಗಳು ಬೇರೆಬೇರೆಯಾಗಿ ಗುರುತಿಸಿದವು. 2018ರಲ್ಲಿ ಭತ್ತದ ಅದೇ ಜೀನನ್ನು ಕೆಡಿಸಿದಾಗ ಶೇಕಡಾ 2ರಿಂದ 6ರಷ್ಟು ಹ್ಯಾಪ್ಲಾಯ್ಡ್ ಬೀಜಗಳು ದೊರೆತವು. 2019ರಲ್ಲಿ ಮುಸುಕಿನ ಜೋಳದ ಪ್ರಚೋದಕ ತಳಿಗೆ ಕ್ರಿಸ್ಪರ್ ಹೊರಿಸಿ ಎರಡನ್ನೂ ಒಂದುಗೂಡಿಸಲಾಯಿತು: ತಂದೆಯ ಪರಾಗ ಕತ್ತರಿಯನ್ನು ತರುತ್ತದೆ, ತಾಯಿಯ ಜೀನು ತಿದ್ದಲ್ಪಡುತ್ತದೆ, ಬಳಿಕ ತಂದೆಯ ವರ್ಣತಂತುಗಳು ಕತ್ತರಿಯ ಸಮೇತ ಕಳೆದುಹೋಗುತ್ತವೆ. ಉಳಿದ ಹ್ಯಾಪ್ಲಾಯ್ಡ್ ಸಸಿಗೆ ಕೊಲ್ಚಿಸಿನ್ ಎಂಬ ರಾಸಾಯನಿಕ ಕೊಟ್ಟು ವರ್ಣತಂತುಗಳನ್ನು ಇಮ್ಮಡಿಸಿದರೆ ಒಂದೇ ಹೆಜ್ಜೆಯಲ್ಲಿ ಶುದ್ಧ ತಳಿ. ಕಾಗದದ ಮೇಲೆ ಇಷ್ಟು ಅಂದವಾದ ಯೋಜನೆಯನ್ನು ನಾನು ಬೇರೆ ಕಂಡಿಲ್ಲ.

ಮೊದಲ ಸುಗ್ಗಿಯಲ್ಲಿ ನೆಟ್‌ಹೌಸಿನಲ್ಲಿ ಕೂತು ಎಂಒ4 ಹೂಗಳ ಕೇಸರ ತೆಗೆದು, ಕ್ಯಾಸ್9 (ಕ್ರಿಸ್ಪರ್‌ನ ಕತ್ತರಿ) ಹೊತ್ತ ಪ್ರಚೋದಕ ತಳಿಯ ಪರಾಗ ಉದುರಿಸಿದೆ. 612 ಬೀಜ ಸಿಕ್ಕಿತು. ಪ್ರಚೋದಕ ತಳಿಯ ವರ್ಣತಂತುವಿನ ಎರಡೂ ಪ್ರತಿಗಳಲ್ಲಿ ಕ್ಯಾಸ್9 ಇದ್ದುದರಿಂದ, ಮಿಶ್ರತಳಿಯಾದ ಪ್ರತಿ ಸಸಿಯಲ್ಲೂ ಅದು ಇರಲೇಬೇಕು. ಇಲ್ಲದ ಸಸಿಯಲ್ಲಿ ತಂದೆಯ ಪಾಲು ಇಲ್ಲವೆಂದೇ ಅರ್ಥ. ಪಿಸಿಆರ್ ಮಾಡಿದಾಗ ಅಂಥವು 49 ಸಿಕ್ಕವು. ಅವುಗಳಲ್ಲಿ 38 ಸಸಿಗಳು ಪುಷ್ಟವಾಗಿ, ತಾಯಿಯನ್ನೇ ಹೋಲುತ್ತ, ಕಾಳು ಕಟ್ಟಿದವು. ಉಳಿದ 11 ಕುಳ್ಳಗೆ, ಸಪೂರ ಎಲೆಗಳೊಂದಿಗೆ, ಬರೀ ಜೊಳ್ಳು ತೆನೆ ಹೊತ್ತು ನಿಂತಿದ್ದವು. ರೋಗ ತಗುಲಿದೆಯೆಂದು ಆ 11ನ್ನು ಕಿತ್ತೆಸೆದೆ.

ನನ್ನನ್ನು ಮುಳುಗಿಸಿದ ತಪ್ಪು ಇದೇ ಆದ್ದರಿಂದ ಬಿಡಿಸಿ ಹೇಳುತ್ತೇನೆ. ತಂದೆಯ ಗುರುತಿಲ್ಲದ ಸಸಿ ಹ್ಯಾಪ್ಲಾಯ್ಡ್ ಮೂಲದ್ದು, ಕಾಳು ಕಟ್ಟಿದೆಯೆಂದರೆ ಅದು ತಾನಾಗಿಯೇ ಇಮ್ಮಡಿಸಿದೆ ಎಂದು ನಾನು ತೀರ್ಮಾನಿಸಿದೆ. ಆದರೆ ತಂದೆಯ ಗುರುತಿಲ್ಲದಿರಲು ಇನ್ನೊಂದು ಸರಳ ಕಾರಣವಿದೆ: ಆ ಬೀಜ ತಾಯಿಯ ಸ್ವಂತ ಪರಾಗದಿಂದಲೇ ಆಗಿರಬಹುದು. ಭತ್ತ ಸ್ವಕೀಯ ಪರಾಗಸ್ಪರ್ಶದ ಬೆಳೆ. ಒಂದು ಹೂವಿನ ಆರು ಪರಾಗಕೋಶಗಳಲ್ಲಿ ಒಂದು ಉಳಿದರೂ ಸಾಕು. ಕೇಸರವನ್ನು ಹಿಂದಿನ ಸಂಜೆಯೋ ಬೆಳಿಗ್ಗೆ ಹೂ ಅರಳುವ ಮೊದಲೋ ತೆಗೆಯಬೇಕು. ನಾನೋ ಬ್ರಹ್ಮಾವರದಿಂದ ಬಸ್ಸು ಹಿಡಿದು, ಕೂಳೂರು ಸೇತುವೆಯ ವಾಹನಗಳ ಸಾಲು ದಾಟಿ ಒಂಬತ್ತೂವರೆಗೆ ಕತ್ತರಿ ಹಿಡಿಯುತ್ತಿದ್ದೆ. ಅಷ್ಟರಲ್ಲಿ ಬಿಸಿಲಿಗೆ ಕೆಲವು ಹೂಗಳು ಅರಳಿ ಪರಾಗ ಚೆಲ್ಲಿರುತ್ತಿದ್ದವು. ಅನುಮಾನ ಬರದಂತೆ ಮಾಡಿದ್ದು ಅಂಕಿ: 612ರಲ್ಲಿ 38 ಎಂದರೆ ಶೇಕಡಾ 6, ಪ್ರಕಟವಾದ ಪ್ರಮಾಣಕ್ಕೆ ಸರಿಹೊಂದುವ ಸಂಖ್ಯೆ!

ಎಂಒ4 ಕಾಳಿನ ಕೆಂಪು ಬಣ್ಣವೂ ಸಾಕ್ಷಿಯಲ್ಲ. ಆ ಕೆಂಪಿರುವ ಪದರ ತಾಯಿಯ ಅಂಗಾಂಶ, ಆದ್ದರಿಂದ ತಂದೆ ಬಿಳಿ ಅಕ್ಕಿಯದಾದರೂ ಬೀಜ ಕೆಂಪಾಗಿಯೇ ಇರುತ್ತದೆ. ಡಿಎನ್‌ಎ ಮಾರ್ಕರ್ ಕೂಡ ಇಲ್ಲಿ ನೆರವಿಗೆ ಬಾರದು. ಎಂಒ4 ಆಗಲೇ ಶುದ್ಧ ತಳಿ. ಅದರ ಸ್ವಂತ ಬೀಜಕ್ಕೂ ಅದರ ಇಮ್ಮಡಿಸಿದ ಹ್ಯಾಪ್ಲಾಯ್ಡಿಗೂ, ತಿದ್ದುಪಡಿಯೊಂದನ್ನು ಬಿಟ್ಟರೆ, ಜೀನುಗಳಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಇದ್ದ ಒಂದೇ ಉಪಾಯವೆಂದರೆ ಕೆಲವು ತೆನೆಗಳ ಕೇಸರ ತೆಗೆದು, ಪರಾಗ ಹಾಕದೆ, ಚೀಲ ಕಟ್ಟಿ ಬಿಡುವುದು; ಅಲ್ಲಿ ಕಾಳು ಕಟ್ಟಿದರೆ ಅದು ಸ್ವಂತ ಪರಾಗದ್ದೇ. ಅದನ್ನು ನಾನು ಮಾಡಲಿಲ್ಲ. 38 ಸಸಿಗಳಲ್ಲಿ ಒಂದರಲ್ಲೂ ತಿದ್ದುಪಡಿ ಕಾಣದಿದ್ದಾಗ ತಪ್ಪು ಕತ್ತರಿಗೆ ಜಾಗ ತೋರಿಸುವ ಗೈಡ್ ಆರ್‌ಎನ್‌ಎಯದೆಂದು ಭಾವಿಸಿ, ಪ್ರಚೋದಕ ತಳಿಯನ್ನೇ ಹೊಸದಾಗಿ ಕಟ್ಟಲು ವರ್ಷ ಕಳೆದೆ.

ಎರಡನೆಯ ಸುಗ್ಗಿಯಲ್ಲಿ ನಾನು ಪರಾಗ ಹಾಕಲು ಮರೆತಿದ್ದ ನಾಲ್ಕು ತೆನೆಗಳ ಚೀಲ ಬಿಚ್ಚಿ, ನೆಟ್‌ಹೌಸಿನಲ್ಲಿ ಕೆಲಸ ಮಾಡುತ್ತಿದ್ದ ಅಕ್ಕ, "ಇದಕ್ಕೆ ನೀವು ಪರಾಗ ಹಾಕ್ಲೇ ಇಲ್ಲ ಅಲ್ವಾ ಸರ್, ಕಾಳು ಹೇಗೆ ಕೂತಿತು ಮಾರಾಯ್ರೆ?" ಎಂದು ಕೇಳಿದರು. ಅಲ್ಲಿಗೆ ಎಲ್ಲವೂ ತಿಳಿಯಿತು. ವರ್ಣತಂತುಗಳ ಒಂದೇ ಪ್ರತಿ ಇರುವ ಸಸಿ ಕುಳ್ಳಗಿದ್ದು ಕಾಳು ಕಟ್ಟುವುದಿಲ್ಲ; ನಿಜವಾದ ಹ್ಯಾಪ್ಲಾಯ್ಡುಗಳು ಬಹುತೇಕ ಆ 11 ಕುಳ್ಳ ಸಸಿಗಳೇ. ಅವುಗಳಲ್ಲಿ ಒಂದಾದರೂ ತಿದ್ದಲ್ಪಟ್ಟಿತ್ತೇ ಎಂಬುದು ಇನ್ನೆಂದಿಗೂ ತಿಳಿಯುವಂತಿಲ್ಲ.

ಹೀಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಶುದ್ಧ ತಳಿಯನ್ನು ಮತ್ತೆ ಶುದ್ಧಗೊಳಿಸಲು ಹ್ಯಾಪ್ಲಾಯ್ಡ್ ಏಕೆ? ಎಂಒ4ನ್ನು ನೇರವಾಗಿ ತಿದ್ದಲು ಸಾಧ್ಯವಾದರೆ, ಒಂದು ಪ್ರತಿ ತಿದ್ದಲ್ಪಟ್ಟ ಮೊದಲ ಗಿಡದ ಸ್ವಂತ ಬೀಜಗಳಲ್ಲಿ ನಾಲ್ಕರಲ್ಲೊಂದು ತಿದ್ದುಪಡಿಯ ಎರಡು ಪ್ರತಿ ಪಡೆದಿರುತ್ತದೆ. ಕ್ಯಾಸ್9 ಬೇರೆ ವರ್ಣತಂತುವಿನಲ್ಲಿ ಒಂದೇ ಕಡೆ ಕೂತಿದ್ದರೆ ನಾಲ್ಕರಲ್ಲೊಂದಕ್ಕೆ ಅದು ಇರುವುದಿಲ್ಲ. ಎರಡೂ ಸೇರಿದರೆ ಹದಿನಾರರಲ್ಲೊಂದು, ಅಂದರೆ ನೂರು ಬೀಜಗಳಲ್ಲಿ ಆರು. ಹೊರಗಿನ ಡಿಎನ್‌ಎ ಉಳಿಯದ ಇಂಥ ಸಸ್ಯಗಳಿಗೆ 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕುಲಾಂತರಿಗಳ ಕಠಿಣ ನಿಯಮಗಳಿಂದ ವಿನಾಯಿತಿ ಕೊಟ್ಟಿದೆ. 2025ರ ಮೇ ತಿಂಗಳಲ್ಲಿ ಘೋಷಿಸಲಾದ ಕಮಲಾ ಮತ್ತು ಪೂಸಾ ಡಿಎಸ್‌ಟಿ ರೈಸ್ 1 ತಳಿಗಳು ಕ್ರಮವಾಗಿ ಸಾಂಬಾ ಮಹ್ಸೂರಿ ಮತ್ತು ಎಂಟಿಯು 1010ನ್ನು ತಿದ್ದಿ ಪಡೆದವು.

ನೇರ ತಿದ್ದುಪಡಿಗೆ ಜೀವಕೋಶಗಳಿಂದ ಗಿಡ ಬೆಳೆಸುವ ಅಂಗಾಂಶ ಕೃಷಿ ಬೇಕು; ತಾಯಿ ತಳಿ ಅದಕ್ಕೆ ಜಗ್ಗದಿದ್ದಾಗ ಮಾತ್ರ ಪ್ರಚೋದಕ ಮಾರ್ಗಕ್ಕೆ ಅರ್ಥವಿದೆ. ಆಗಲೂ ಅದು ಮುಸುಕಿನ ಜೋಳಕ್ಕೆ ಒಪ್ಪುವಷ್ಟು ಭತ್ತಕ್ಕೆ ಒಪ್ಪದು. ಜೋಳದ ಒಂದು ತೆನೆಗೆ ಒಮ್ಮೆ ಪರಾಗ ಹಾಕಿದರೆ ನೂರಾರು ಬೀಜ. ಭ್ರೂಣದಲ್ಲಿ ನೇರಳೆ ಗುರುತು ಇಲ್ಲದ್ದನ್ನು ನೋಡಿ ಹ್ಯಾಪ್ಲಾಯ್ಡನ್ನು ಕಣ್ಣಲ್ಲೇ ಆರಿಸಬಹುದು. ಭತ್ತದಲ್ಲಿ ಹೂವಿಗೊಂದೇ ಬೀಜ, ಗುರುತೂ ಇಲ್ಲ. ಈ ವಿದ್ಯೆಯನ್ನೇ ಕಲಿಯಬೇಕೆಂದಿದ್ದರೆ ಕುಣಿಗಲ್‌ನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಮತ್ತು ಸಿಮ್ಮಿಟ್ (ಮುಸುಕಿನ ಜೋಳ ಹಾಗೂ ಗೋಧಿಯ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ) ಜೊತೆಗೂಡಿ 2021ರಲ್ಲಿ ತೆರೆದ ಮುಸುಕಿನ ಜೋಳದ ಇಮ್ಮಡಿ ಹ್ಯಾಪ್ಲಾಯ್ಡ್ ಕೇಂದ್ರದತ್ತ ನೋಡಿ.

ಭತ್ತವೇ ಬೇಕೆಂದರೆ ಈ ವಾರವೇ ಎಂಒ4ರ ಐವತ್ತು ಬೀಜಗಳ ಹೊಟ್ಟು ಸುಲಿದು ಕ್ಯಾಲಸ್ (ಆಕಾರವಿಲ್ಲದ ಜೀವಕೋಶಗಳ ಗಂಟು) ಬೆಳೆಸುವ ಮಾಧ್ಯಮದಲ್ಲಿಡಿ. ಅದರಿಂದ ಹಸಿರು ಚಿಗುರು ಬರುತ್ತದೆಯೇ ಇಲ್ಲವೇ ಎಂಬುದು ಎರಡು ಮೂರು ತಿಂಗಳಲ್ಲಿ ಕಾಣುತ್ತದೆ. ಪ್ರಚೋದಕ ತಳಿಗಾಗಿ ಯಾರಿಗೂ ಪತ್ರ ಬರೆಯುವ ಮೊದಲು ಅಷ್ಟನ್ನು ಮಾಡಿ.