ವರ್ಲ್ಡ್‌ಕಾನ್: ಟಿಕೆಟ್ಟೋ ಸದಸ್ಯತ್ವವೋ

ಮಂಡ್ಯದಿಂದ ಮೊದಲ ಬಾರಿಗೆ ವರ್ಲ್ಡ್‌ಕಾನ್‌ಗೆ ಹೊರಡಲಿರುವ ತಾವು, ಅಲ್ಲಿ ಟಿಕೆಟ್ ಎನ್ನದೆ ‘ಸದಸ್ಯತ್ವ’ ಎನ್ನುವುದೇಕೆ, ಒಂಟಿಯಾಗಿ ಹೋದವರು ಏನು ಮಾಡಬೇಕು ಎಂದು ಕೇಳಿದ್ದೀರಿ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾದ ಈ ವಿಜ್ಞಾನ ಕಥಾ ಸಮ್ಮೇಳನವನ್ನು ಇಂದಿಗೂ ಅಭಿಮಾನಿಗಳೇ ಸಂಬಳವಿಲ್ಲದೆ ನಡೆಸುತ್ತಾರೆ. ನಮ್ಮೂರ ಮಾರಿಹಬ್ಬಕ್ಕೆ ವಂತಿಗೆ ಕೊಟ್ಟವರು ಬರಿಯ ನೋಡುಗರಾಗಿ ಉಳಿಯದೆ ಹಬ್ಬದ ಹಕ್ಕುದಾರರಾಗುವಂತೆ, ಅಲ್ಲಿ ಹಣ ಕಟ್ಟಿದವರು ಸದಸ್ಯರಾಗುತ್ತಾರೆ. ಆದ್ದರಿಂದಲೇ ಉತ್ತಮ ವಿಜ್ಞಾನ ಕಥಾ ಕೃತಿಗಳಿಗೆಂದು ಈ ಸಮ್ಮೇಳನ ಕೊಡುವ, 1953ರಲ್ಲಿ ಮೊದಲು ನೀಡಲಾದ ಹ್ಯೂಗೋ ಪ್ರಶಸ್ತಿಗಳನ್ನು ತೀರ್ಪುಗಾರರ ಮಂಡಳಿಯ ಬದಲು ಸದಸ್ಯರೇ ಮತ ಹಾಕಿ ಆರಿಸುತ್ತಾರೆ. ಕೃತಿಗಳನ್ನು ಮೆಚ್ಚುಗೆಯ ಕ್ರಮದಲ್ಲಿ 1, 2, 3 ಎಂದು ಗುರುತಿಸಬೇಕು. ಯಾವುದೂ ಅರ್ಹವಲ್ಲವೆನಿಸಿದರೆ ‘ಪ್ರಶಸ್ತಿ ಬೇಡ’ ಎಂಬ ಆಯ್ಕೆಯೂ ಉಂಟು. ಮಂಡ್ಯದಲ್ಲಿ ಕುಳಿತೇ ಅಂತರ್ಜಾಲದ ಮೂಲಕ ಹಾಕಬಹುದಾದ ಈ ಮತವನ್ನು ದಯವಿಟ್ಟು ಕಳೆದುಕೊಳ್ಳಬೇಡಿ.

ಮತದಾನದ ಸದಸ್ಯತ್ವ ಬೇರೆ, ಹಾಜರಾಗಲು ಅದರ ಮೇಲೆ ಕಟ್ಟುವ ಶುಲ್ಕ ಬೇರೆ. ವೀಸಾ ಕೈಸೇರುವವರೆಗೆ ಮೊದಲನೆಯದಷ್ಟೇ ಸಾಕೆಂಬುದು ನನ್ನ ಅಭಿಪ್ರಾಯ, ಆದರೆ ದಿನ ಸಮೀಪಿಸಿದಂತೆ ಶುಲ್ಕ ಸಾಮಾನ್ಯವಾಗಿ ಏರುತ್ತದೆ ಎಂಬುದು ನೆನಪಿರಲಿ.

ಏಕಕಾಲಕ್ಕೆ ಹಲವು ಗೋಷ್ಠಿಗಳು ನಡೆಯುವುದರಿಂದ ಎಲ್ಲವನ್ನೂ ಕೇಳಲಾಗದು. ದಿನಕ್ಕೆ ಮೂರನ್ನು ಆರಿಸಿಕೊಂಡು, ಉಳಿದ ಹೊತ್ತಿನಲ್ಲಿ ಒಂದೆರಡು ಗಂಟೆ ಸ್ವಯಂಸೇವೆಗೆ ಹೆಸರು ಕೊಡಿ. ಅಪರಿಚಿತರ ನಡುವೆ ಸ್ನೇಹ ಬೆಳೆಯಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.